ಬೆಸ ತಾರೀಖಿನ ಬಿಸಿಲು

ಇಪ್ಪತ್ತೇಳು ವರ್ಷದಿಂದ ಪುರಸಭೆಯ ಮೆಟ್ಟಿಲ ಪಕ್ಕದಲ್ಲಿ ಮೇಜು ಹಾಕಿಕೊಂಡು ಊರವರ ಅರ್ಜಿ ಬರೆದುಕೊಡುತ್ತಿದ್ದೇನೆ. ಅಷ್ಟು ವರ್ಷದಲ್ಲಿ ನಾನು ತಪ್ಪು ಬರೆದದ್ದು ಒಂದೇ ಒಂದು ಸಲ. ಮನೆ ಮೇಲೆ ಎರಡು ಸೋಲಾರ್ ಪ್ಯಾನಲ್ ಬೇಕೆಂದು ಬಾಯಿಬಿಟ್ಟು ಹೇಳಿದ ಹೆಂಗಸಿಗೆ ಒಂದು ಎಂದು ಬರೆದುಬಿಟ್ಟೆ. ಹೇಗೆ ಬರೆದೆ ಎಂದರೆ, ಅವಳು ಹೇಳುತ್ತಿದ್ದಾಗ ನಾನು ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ, ಮುಖ ನೋಡುತ್ತಿದ್ದೆ. ಐವತ್ತರ ಹತ್ತಿರ ಬಂದ, ಮದುವೆ ಗಿದುವೆ ಎಂಬ ಯೋಚನೆಯನ್ನೇ ಬಿಟ್ಟಿದ್ದ ಗಂಡಸು ಇದನ್ನು ಹೇಳಿಕೊಳ್ಳಬಾರದು. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಬೇಕಲ್ಲ.

ಅವಳ ಹೆಸರು ಗಂಗಾಂಬಿಕೆ. ಊರೆಲ್ಲ ಕರೆಯುವುದು ಗಂಗಮ್ಮ ಎಂದು. ಕೆಳಬೀದಿಯಲ್ಲಿ ಒಬ್ಬಳೇ ಇದ್ದುಕೊಂಡು ರವಿಕೆ ಹೊಲಿಯುತ್ತಾಳೆ. ನಮ್ಮೂರಿನ ಹೆಂಗಸರ ತೋಳಿನ ಅಳತೆ, ಬೆನ್ನಿನ ಅಳತೆ ಎಲ್ಲ ಅವಳ ತಲೆಯಲ್ಲೇ ಇವೆ, ಬರೆದಿಟ್ಟುಕೊಂಡದ್ದಿಲ್ಲ. ವರ್ಷಗಟ್ಟಲೆ ಮಿಷನ್ ತುಳಿದು ತುಳಿದು ಬಲಮೊಣಕಾಲು ಹಾಳಾಗಿತ್ತು. ಮಿಷನ್ನಿಗೆ ಮೋಟರ್ ಹಾಕಿಸಿ, ಅದಕ್ಕೆ ಮಾಳಿಗೆ ಮೇಲೆ ಸೋಲಾರ್ ಹಾಕಿಸಿಕೊಂಡರೆ ಕಾಲಿಗೆ ಬಿಡುವು ಸಿಗುತ್ತದೆಂದು ನನ್ನ ಮೇಜಿನ ಮುಂದೆ ಬಂದು ಕೂತಿದ್ದಳು.

ಬೇರೆ ಊರಾಗಿದ್ದರೆ ಒಂದು ಪ್ಯಾನಲ್ ಸಾಕಾಗುತ್ತಿತ್ತೋ ಏನೋ. ನಮ್ಮೂರಲ್ಲಿ ಬಿಸಿಲು ಬರುವುದು ಪಾಳಿಯ ಮೇಲೆ. ಬೆಸ ತಾರೀಖು ಮೇಲ್ಬೀದಿಗೆ, ಸಮ ತಾರೀಖು ಕೆಳಬೀದಿಗೆ. ಪಾಳಿ ಇಲ್ಲದ ಬೀದಿಯಲ್ಲಿ ಬೆಳಕೇನೋ ಇರುತ್ತದೆ, ಬಿಸಿಲಿರುವುದಿಲ್ಲ. ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಮಗೆ ಕೇಳುವಷ್ಟು ಪುರುಸೊತ್ತಿಲ್ಲ, ಹಪ್ಪಳ ಒಣಗಿಸುವುದಿರುತ್ತದೆ. ಮಗಳನ್ನು ಎದುರು ಬೀದಿಗೆ ಕೊಡುವುದು ನಮ್ಮಲ್ಲಿ ವಾಡಿಕೆ. ಬೀಗರಾದ ಮೇಲೆ ಎರಡೂ ಮನೆಯ ಸಂಡಿಗೆಗೆ ದಿನಾ ಬಿಸಿಲು. ಬೆಕ್ಕುಗಳಂತೂ ಕ್ಯಾಲೆಂಡರ್ ನೋಡದೆಯೇ ಬೆಳಿಗ್ಗೆ ಎದ್ದು ಸರಿಯಾದ ಬೀದಿಗೆ ಹೊರಟಿರುತ್ತವೆ. ಜಗಳ ಬರುವುದು ತಿಂಗಳಿಗೆ ಮೂವತ್ತೊಂದು ದಿನ ಇದ್ದಾಗ ಮಾತ್ರ. ಮೂವತ್ತೊಂದೂ ಬೆಸ, ಮಾರನೆಯ ಒಂದನೇ ತಾರೀಖೂ ಬೆಸ. ಸತತ ಎರಡು ದಿನ ಬಿಸಿಲು ನಮ್ಮ ಮೇಲ್ಬೀದಿಗೇ. ಆ ಎರಡು ದಿನ ಕೆಳಬೀದಿಯವರು ನಮ್ಮ ಜೊತೆ ಮುಖ ಕೊಟ್ಟು ಮಾತಾಡುವುದಿಲ್ಲ.

ಹೀಗಿರುವುದರಿಂದಲೇ ತಟ್ಟೆ ಬಿಸಿಲು ಎನ್ನುವ ಪದ್ಧತಿ ನಮ್ಮ ತಾತಂದಿರ ಕಾಲದಿಂದ ಇದೆ. ಪಾಳಿ ಇಲ್ಲದ ಬೀದಿಯಲ್ಲಿ ಬಾಣಂತಿಯಿದ್ದರೆ, ಕಾಯಿಲೆಯವರಿದ್ದರೆ, ಪಾಳಿ ಇರುವ ಬೀದಿಯ ನೆಂಟರು ಮಾಳಿಗೆ ಹತ್ತಿ, ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ತಟ್ಟೆಯನ್ನು ಓರೆ ಹಿಡಿದು ಅವರ ಕಿಟಕಿಗೆ ಒಂದಿಷ್ಟು ಬಿಸಿಲು ಕಳಿಸುತ್ತಾರೆ. ಬಿಸಿಲು ಬಂದ ಮನೆಯವರು ಕಣ್ಣೆತ್ತಿ ಯಾರು ಕಳಿಸಿದರೆಂದು ನೋಡುವ ಹಾಗಿಲ್ಲ. ನೋಡಿದರೆ ಕಳಿಸಿದವರಿಗೆ ಅವಮಾನ. ಸುಮ್ಮನೆ ಬೆನ್ನು ಕೊಟ್ಟು ಕೂರಬೇಕು.

ಪ್ಯಾನಲ್ ಬಂದು ಕೂತ ದಿನವೇ ನನ್ನ ತಪ್ಪು ನನಗೆ ತಿಳಿಯಿತು. ನಮ್ಮ ಮೇಲ್ಬೀದಿಯ ಮಾಳಿಗೆಗಳಿಂದ ಕೆಳಬೀದಿ ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. ಗಂಗಾಂಬಿಕೆಯ ಮಾಳಿಗೆ ಮೇಲೆ ಎರಡು ಇರಬೇಕಾದ ಕಡೆ ಒಂದೇ ಒಂದು ಇತ್ತು. ಎರಡಿದ್ದರೆ ಸಮ ತಾರೀಖಿನ ಬಿಸಿಲಿನಲ್ಲೇ ಮಾರನೆಯ ದಿನಕ್ಕೂ ಬ್ಯಾಟರಿ ತುಂಬುತ್ತಿತ್ತು, ಒಂದರಿಂದ ಅದಾಗದು. ಬೆಸ ತಾರೀಖು ಮಿಷನ್ನಿನ ಸದ್ದು ನಿಲ್ಲುತ್ತಿತ್ತು, ಇಲ್ಲವೇ ಅವಳು ಮತ್ತೆ ಕಾಲಿನಲ್ಲೇ ತುಳಿಯುತ್ತಿದ್ದಳು. ಹೋಗಿ ತಪ್ಪಾಯಿತು ಎಂದು ಹೇಳಬಹುದಿತ್ತು. ಮುಖವಿರಲಿಲ್ಲ. ಅದರ ಬದಲು ನಮ್ಮವ್ವನ ತಟ್ಟೆಯನ್ನು ಅಟ್ಟದಿಂದ ಇಳಿಸಿ ತಿಕ್ಕಿದೆ. ಬೆಸ ತಾರೀಖಿನಂದು ಕಚೇರಿಗೆ ಹೋಗುವ ಮುಂಚೆ ಮಾಳಿಗೆ ಹತ್ತಿ, ಗೋಡೆಗೆ ಒರಗಿ ಕೂತು, ಅವಳ ಪ್ಯಾನಲ್ಲಿಗೆ ಒಂದೂವರೆ ಗಂಟೆ ಬಿಸಿಲು ಕಳಿಸಿದೆ. ತಟ್ಟೆ ಬಿಸಿಲಿನಲ್ಲಿ ಎರಡು ರವಿಕೆಯಷ್ಟು ಮೋಟರ್ ಓಡುತ್ತಿತ್ತು. ಲೆಕ್ಕ ಸರಿ ಹೋಗುವವರೆಗೆ ಕಳಿಸಿದರಾಯಿತು ಎಂದುಕೊಂಡಿದ್ದೆ. ಎರಡು ವರ್ಷ ಕಳಿಸಿದೆ. ಸಮ ತಾರೀಖುಗಳು ನನಗೆ ರುಚಿಸದಂತಾದವು. ಮೂವತ್ತೊಂದು ಬಂದ ತಿಂಗಳು ಹಬ್ಬ.

ಎರಡು ವರ್ಷ ತುಂಬಿದಾಗ ಕಂದಾಯದ ರಿಯಾಯಿತಿಯ ಮಾತು ಬಂತು. ನಮ್ಮ ಪುರಸಭೆಯ ಕಾನೂನು ಹೀಗಿದೆ: ಸೋಲಾರ್ ಹಾಕಿಸಿಕೊಂಡು ಎರಡು ವರ್ಷವಾದವರು ಮನೆಕಂದಾಯದಲ್ಲಿ ರಿಯಾಯಿತಿ ಕೇಳಿ ಅರ್ಜಿ ಹಾಕಬೇಕು. ಒಪ್ಪಿಗೆಯಾದರೆ ಹತ್ತು ವರ್ಷ ಅರ್ಧ ಕಂದಾಯ ಮಾಫಿ, ಬೇಕೆಂದರೆ ಇನ್ನೊಂದು ಪ್ಯಾನಲ್ ಕೂಡ ಕೊಡುತ್ತಾರೆ. ಒಪ್ಪಿಗೆಯಾಗದಿದ್ದರೆ ಇರುವ ಪ್ಯಾನಲನ್ನೂ ಬಿಚ್ಚಿಕೊಂಡು ಹೋಗುತ್ತಾರೆ. ಅರ್ಜಿಯಲ್ಲಿ ಒಂದು ಕಾಲಂ ಇದೆ: ಸ್ವಂತ ಬಿಸಿಲೋ, ಎರವಲು ಬಿಸಿಲೋ? ಎರವಲಾದರೆ ಕಳಿಸಿದವರು ರುಜು ಹಾಕಬೇಕು, ಇನ್‌ಸ್ಪೆಕ್ಟರ ಎದುರು ಕಳಿಸಿ ತೋರಿಸಬೇಕು. ಅದಾಗದಿದ್ದರೆ ಕದ್ದ ಬಿಸಿಲು ಎಂದು ಬರೆದುಕೊಳ್ಳುತ್ತಾರೆ.

ಗಂಗಾಂಬಿಕೆ ಬಂದದ್ದು ಒಂದು ಸೋಮವಾರ. ಕೈಯಲ್ಲಿ ಪುರಸಭೆಯ ಕಾಗದವಿತ್ತು.

"ಮರುಳಯ್ಯನೋರೆ, ತಾರಾಮಣಿ ಮೇಡಂ ಮೀಟ್ರು ನೋಡ್ಕೊಂಡು ಹೋದ್ರು" ಎಂದಳು. ತಾರಾಮಣಿ ಎಂದರೆ ಸೋಲಾರ್ ಇನ್‌ಸ್ಪೆಕ್ಟರು, ಬಿಸಿಲಿನ ವಿಷಯದಲ್ಲಿ ಯಾರ ಮುಲಾಜೂ ಇಲ್ಲದ ಹೆಂಗಸು. "ಬೆಸ ತಾರೀಖಲ್ಲೂ ಮೀಟ್ರು ಓಡಿದೆಯಂತೆ. ಯಾರು ಕಳಿಸ್ತಾ ಇದಾರೋ ಅವರ ಹೆಸರು ಬರೆಸಿ, ರುಜು ಹಾಕಿಸಿ ಅಂದ್ರು. ಇಲ್ದಿದ್ರೆ ಬಿಚ್ಚಿಸ್ತೀನಿ ಅಂದ್ರು."

ಈಗ ಹೇಳಲೇಬೇಕು, ಹೇಳಿಬಿಡುತ್ತೇನೆ, ಎರಡು ವರ್ಷದ ಭಾರ ಇಳಿಯಲಿ ಎಂದುಕೊಂಡು ಬಾಯಿ ತೆರೆದೆ.

"ನಮ್ಮಣ್ಣನ ಹೆಸರು ಬರೀರಿ" ಎಂದಳು ಗಂಗಾಂಬಿಕೆ.

ತೆರೆದ ಬಾಯಿ ಹಾಗೇ ಇತ್ತು.

ಅವಳ ಅಣ್ಣ ಷಡಕ್ಷರಿ ನನ್ನ ಪಕ್ಕದ ಮನೆಯವನು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅಣ್ಣ ತಂಗಿ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು ಎಂಬುದು ಊರಿಗೆ ಗೊತ್ತಿದ್ದ ಸಂಗತಿ. ಅವರ ತಾಯಿ ಗಂಗಾಂಬಿಕೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ಷಡಕ್ಷರಿ ಬೆಸ ತಾರೀಖಿನಂದು ತಪ್ಪದೆ ಬಿಸಿಲು ಕಳಿಸುತ್ತಿದ್ದ. ಒಂದು ತಿಂಗಳು ಮೂವತ್ತೊಂದನೇ ತಾರೀಖು ಕಳಿಸಿದ, ಮಾರನೆಯ ದಿನ ಕಳಿಸಲಿಲ್ಲ. ಆ ಮುದುಕಿ ಬಿಸಿಲು ಬಂತಾ, ಬಿಸಿಲು ಬಂತಾ ಎಂದು ಕಿಟಕಿ ನೋಡುತ್ತಲೇ ಮಧ್ಯಾಹ್ನ ತೀರಿಕೊಂಡಿತು. ಊರಲ್ಲಿರಲಿಲ್ಲ, ಕೆಲಸವಿತ್ತು ಎಂದ ಷಡಕ್ಷರಿ. ಗಂಗಾಂಬಿಕೆ ಅವತ್ತಿನಿಂದ ಅವನ ಮನೆಯ ಮೆಟ್ಟಿಲು ತುಳಿಯಲಿಲ್ಲ.

"ಅಣ್ಣ ಅಂತ ಹೆಂಗೆ ಗೊತ್ತು?" ಎಂದು ಹೇಗೋ ಕೇಳಿದೆ.

"ಬಿಸಿಲು ಬರೋದು ನಿಮ್ಮ ಮಗ್ಗುಲಿಂದಲೇ. ಕಣ್ಣೆತ್ತಿ ನೋಡಿಲ್ಲ, ನೋಡಬಾರದಲ್ಲ. ಆದ್ರೆ ಅದು ಪ್ರತಿ ಸಲ ಮೊದಲು ಮಾಳಿಗೆ ಮೇಲಿರೋ ನಮ್ಮವ್ವನ ಮಲ್ಲಿಗೆ ಕುಂಡ ಮುಟ್ಟುತ್ತೆ. ಒಂದು ಗಳಿಗೆ ಅಲ್ಲಿ ನಿಂತು, ಆಮೇಲೆ ಪ್ಯಾನಲ್ಲಿಗೆ ಬರುತ್ತೆ. ಅವ್ವನ ಕುಂಡ ಅಂತ ಅಣ್ಣನಿಗಲ್ದೆ ಇನ್ಯಾರಿಗೆ ಗೊತ್ತು ಹೇಳಿ? ತಪ್ಪಾಯ್ತು ಅಂತ ಬಾಯಲ್ಲಿ ಹೇಳೋಕಾಗ್ದೆ ಹಿಂಗೆ ಹೇಳ್ತಾ ಇದಾನೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದಕ್ಕೇ ನಾನೂ ತಿಂಗಳಿಗೊಂದು ಸಲ ಹುಚ್ಚೆಳ್ಳು ಚಟ್ನಿಪುಡಿ ಮಾಡಿ ಕಳಿಸ್ತಿದೀನಿ. ಡಬ್ಬಿ ತೊಳೆದು ವಾಪಸ್ ಕಳಿಸ್ತಾನೆ."

ಕುಂಡದ ಅಂಚಿಗೆ ಸುಣ್ಣ ಬಳಿದಿದ್ದಳು. ಅಷ್ಟು ದೂರದಿಂದ ನನ್ನ ತಟ್ಟೆಯ ಬೆಳಕು ಎಲ್ಲಿ ಬೀಳುತ್ತಿದೆ ಎಂದು ಗುರುತು ಸಿಗುತ್ತಿದ್ದುದು ಆ ಬಿಳಿ ಅಂಚಿನ ಮೇಲೆ ಮಾತ್ರ. ಗುರಿ ಹಿಡಿಯುವುದಕ್ಕೆಂದು ನಾನು ಮುಟ್ಟಿಸುತ್ತಿದ್ದ ಕುಂಡದಿಂದ ಅಣ್ಣ ತಂಗಿ ಅರ್ಧದಾರಿ ಬಂದು ನಿಂತಿದ್ದರು. ನಾನು ನಿಜ ಹೇಳಿದರೆ ಪ್ಯಾನಲ್ ಉಳಿಯುತ್ತದೆ, ಅಣ್ಣ ಹೋಗುತ್ತಾನೆ. ಸುಮ್ಮನಿದ್ದರೆ ಷಡಕ್ಷರಿ ತಾನಲ್ಲ ಎನ್ನುತ್ತಾನೆ, ಎರಡೂ ಹೋಗುತ್ತವೆ.

"ಆಯ್ತು" ಎಂದೆ. ಕಳಿಸಿದವರ ಹೆಸರು ಎಂಬಲ್ಲಿ ಷಡಕ್ಷರಿ ಎಂದು ಬರೆದೆ. ಗೊತ್ತಿದ್ದೂ ಸುಳ್ಳು ಬರೆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅಕ್ಷರ ಮಾತ್ರ ದುಂಡಗೆ ಬಂದವು.

ಸಂಜೆ ಪಕ್ಕದ ಮನೆಗೆ ಹೋದೆ. ಷಡಕ್ಷರಿ ಜಗಲಿ ಮೇಲೆ ಕೂತು ರೊಟ್ಟಿಗೆ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದ.

"ಬಾರಯ್ಯ, ನಮ್ಮ ಗಂಗಿ ಕಳಿಸಿದ್ದು, ತಿನ್ನು" ಎಂದ. "ತಾನಾಗೇ ಮನಸ್ಸು ತಿಳಿ ಮಾಡ್ಕೊಂಡಿದಾಳೆ ನೋಡು. ನಾನು ಏನೂ ಮಾಡ್ಲಿಲ್ಲ. ಹೋಗಿ ಮಾತಾಡಿಸೋಣ ಅಂತೀನಿ, ಕಾಲೇ ಏಳಲ್ಲ."

ಪಕ್ಕದಲ್ಲಿ ಕೂತು, ಇದ್ದದ್ದನ್ನೆಲ್ಲ ಹೇಳಿದೆ. ತಪ್ಪು ಬರೆದದ್ದು, ತಟ್ಟೆ, ಕುಂಡ, ಅರ್ಜಿ. ಅವನು ರೊಟ್ಟಿ ತಟ್ಟೆಯಲ್ಲಿಟ್ಟ.

"ಹಂಗಾದ್ರೆ ಈ ಚಟ್ನಿಪುಡಿ ನಂದಲ್ಲ" ಎಂದ.

"ನಿಂದೇ. ನಿನಗೆ ಅಂತಲೇ ಮಾಡಿದ್ದು."

"ಅವತ್ತು ನಾನು ಊರಲ್ಲೇ ಇದ್ದೆ ಕಣೋ ಮರುಳ" ಎಂದ. "ಮಾಳಿಗೆ ಮೇಲೇ ಇದ್ದೆ. ತಟ್ಟೆ ತೊಡೆ ಮೇಲಿಟ್ಕೊಂಡು ಕೂತೆ. ನಾಕು ರಾತ್ರಿಯಿಂದ ಅವ್ವನ ಹತ್ರ ಕೂತು ಬಂದಿದ್ದೆನಲ್ಲ, ಬಿಸಿಲಿಗೆ ಕಣ್ಣು ಎಳೀತು. ಎದ್ದಾಗ ಕೆಳಗಡೆ ಅಳ್ತಾ ಇದ್ರು. ನಿದ್ದೆ ಹೋದೆ ಅಂತ ಹೆಂಗೆ ಹೇಳ್ಲಿ? ಊರಲ್ಲಿರಲಿಲ್ಲ ಅಂದೆ. ಆಮೇಲೆ ನಾನು ಮಾಳಿಗೆ ಹತ್ತಿಲ್ಲ, ತಟ್ಟೆ ಮುಟ್ಟಿಲ್ಲ."

ಗಂಡಸರು ಅಳುವಾಗ ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಅವನ ತಟ್ಟೆಯಿಂದ ಒಂದು ತುಂಡು ರೊಟ್ಟಿ ಮುರಿದು ತಿಂದೆ. ಕೊನೆಗೆ ಅವನೇ ಮೂಗು ಒರೆಸಿಕೊಂಡು, "ಎಲ್ಲಿ ರುಜು ಹಾಕ್ಬೇಕು, ಕೊಡು. ಇನ್‌ಸ್ಪೆಕ್ಟ್ರ ಮುಂದೆ ನಾನೇ ಕಳಿಸ್ತೀನಿ. ಎರಡು ವರ್ಷದಿಂದ ನಾನೇ ಕಳಿಸ್ತಿದ್ದೆ ಅಂತ ಅವಳು ಅಂದ್ಕೊಂಡೇ ಇರ್ಲಿ. ನಿನಗೇನು ಬೇಜಾರಿಲ್ಲ ತಾನೇ?" ಎಂದ.

ಬೇಜಾರಿತ್ತು. ಇಲ್ಲ ಎಂದೆ.

ಆ ವಾರವೆಲ್ಲ ಅವನಿಗೆ ಕಲಿಸಿದೆ. ಮೊಣಕೈ ಗೋಡೆಗೆ ಊರು, ತಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿ, ಮೊದಲು ಕುಂಡ, ಆಮೇಲೆ ಪ್ಯಾನಲ್. ಸಮ ತಾರೀಖಿನಲ್ಲಿ ಬಿಸಿಲಿಲ್ಲದೆ ಬರೀ ತಟ್ಟೆ ಹಿಡಿದು ಅಭ್ಯಾಸ, ಬೆಸ ತಾರೀಖಿನಲ್ಲಿ ನಮ್ಮ ನೀರಿನ ತೊಟ್ಟಿಯ ಮೇಲೆ. ತೊಟ್ಟಿಯ ಮೇಲೆ ಚೆನ್ನಾಗಿಯೇ ನಿಲ್ಲಿಸಿದ. ನನಗಿಂತ ಚೆನ್ನಾಗಿ ಎಂದರೂ ಸರಿಯೇ, ಬಾಲ್ಯದಲ್ಲಿ ಕಲಿತ ಕೈ.

ಒಂಬತ್ತನೇ ತಾರೀಖು ಹತ್ತೂವರೆಗೆ ತಾರಾಮಣಿ ಮೇಡಂ ಗಂಗಾಂಬಿಕೆಯ ಮಾಳಿಗೆ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತರು. ಗಂಗಾಂಬಿಕೆ ಪದ್ಧತಿಯಂತೆ ನಮ್ಮ ಕಡೆ ಬೆನ್ನು ಮಾಡಿ ಮೀಟರಿನ ಪಕ್ಕ ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಷಡಕ್ಷರಿ ಅವನ ಮಾಳಿಗೆ ಮೇಲೆ, ನಾನು ನಮ್ಮ ಮಾಳಿಗೆಯ ಗೋಡೆಯ ಮರೆಯಲ್ಲಿ, ಕಾಣದ ಹಾಗೆ. ತಟ್ಟೆ ನನ್ನ ಪಕ್ಕದಲ್ಲಿತ್ತು. ಅದನ್ನು ಯಾಕೆ ತಂದಿದ್ದೆ ಎಂದರೆ, ಬೆಸ ತಾರೀಖಿನಂದು ಮಾಳಿಗೆ ಹತ್ತುವಾಗ ಕೈ ತಾನಾಗಿ ತೆಗೆದುಕೊಂಡು ಬಂದಿತ್ತು, ಅಷ್ಟೇ.

ಷಡಕ್ಷರಿ ತಟ್ಟೆ ಎತ್ತಿದ. ಬೆಳಕು ಕೆಳಬೀದಿಯ ಒಂದು ಗೋಡೆ ಮೇಲೆ ಬಿತ್ತು. ಅಲ್ಲಿಂದ ಯಾರದೋ ಒಗೆದ ಬಟ್ಟೆಯ ಮೇಲೆ ಓಡಿತು. ಅಲ್ಲಿಂದ ಗಂಗಾಂಬಿಕೆಯ ಮನೆಯ ಕಿಟಕಿಗೆ ಬಂದು, ಅಲ್ಲೇ ನಿಂತು ಗಡಗಡ ನಡುಗಿತು. ಅದು ಅವರ ತಾಯಿ ಮಲಗಿದ್ದ ಕೋಣೆಯ ಕಿಟಕಿ.

"ಮೇಲೆ, ಇನ್ನೂ ಮೇಲೆ" ಎಂದು ಪಿಸುಗುಟ್ಟಿದೆ.

"ಆಗ್ತಿಲ್ಲ ಕಣೋ" ಎಂದ. "ಕಿಟಕಿ ಬಿಟ್ಟು ಏಳ್ತಾ ಇಲ್ಲ."

"ಎಲ್ರೀ ಬಿಸಿಲು?" ತಾರಾಮಣಿ ಕೆಳಗಿನಿಂದ ಕೂಗಿದರು. "ಹತ್ತು ನಿಮಿಷ ಆಯ್ತು. ಪ್ಯಾನಲ್ಲಿಗೆ ಬೀಳದಿದ್ರೆ ನಾನು ಕದ್ದದ್ದು ಅಂತ ಬರ್ಕೋತೀನಿ, ಆಮೇಲೆ ನನ್ನ ಅನ್ಬೇಡಿ!"

ಚೀಲದಿಂದ ಸ್ಪ್ಯಾನರ್ ತೆಗೆದದ್ದು ಕಾಣಿಸಿತು. ಗಂಗಾಂಬಿಕೆಯ ಬೆನ್ನು ಕುಗ್ಗಿತು. ಅದನ್ನು ನೋಡಿಕೊಂಡು ಕೂರುವುದು ನನ್ನ ಕೈಲಾಗಲಿಲ್ಲ. ಎದ್ದು ನಿಂತೆ, ಊರೆಲ್ಲ ನೋಡಿದರೆ ನೋಡಲಿ ಎಂದು. ತಟ್ಟೆ ಎತ್ತಿ, ಮೊದಲು ಕುಂಡದ ಬಿಳಿ ಅಂಚು, ಒಂದು ಗಳಿಗೆ, ಆಮೇಲೆ ಪ್ಯಾನಲ್. ಕದಲದೆ ನಿಂತಿತು.

ಮಲ್ಲಿಗೆ ಕುಂಡ ಬೆಳಗಿದ್ದನ್ನು ಗಂಗಾಂಬಿಕೆ ನೋಡಿದಳು. ಆಗಲೇ ಕಿಟಕಿಯಿಂದ ಜಾರಿದ ಇನ್ನೊಂದು ಬೆಳಕು ಅವಳ ಪಕ್ಕದ ಗೋಡೆಯ ಮೇಲೆ ದಾರಿ ತಪ್ಪಿ ತಡಕಾಡುತ್ತಿತ್ತು. ಅದನ್ನೂ ನೋಡಿದಳು. ಆಮೇಲೆ ನಮ್ಮೂರಲ್ಲಿ ಯಾರೂ ಮಾಡದ್ದನ್ನು ಮಾಡಿದಳು. ಎದ್ದು ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಕಣ್ಣೆತ್ತಿ ಮೇಲೆ ನೋಡಿದಳು. ನನ್ನನ್ನೂ ನೋಡಿದಳು, ಅಣ್ಣನನ್ನೂ ನೋಡಿದಳು. ನಾನು ತಟ್ಟೆ ಇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಷಡಕ್ಷರಿಯ ಬೆಳಕೂ ಗೋಡೆ ಬಿಟ್ಟು ಮೆಲ್ಲಗೆ ಹತ್ತಿಕೊಂಡು ಬಂದು ನನ್ನದರ ಪಕ್ಕ ಕೂತಿತು.

"ಇಬ್ಬರಿದಾರಲ್ಲ!" ತಾರಾಮಣಿ ಅರ್ಜಿ ತಿರುಗಿಸಿ ನೋಡಿದರು. "ಇಲ್ಲಿ ಒಬ್ಬರದೇ ಹೆಸರಿದೆ. ಮೀಟ್ರೇನೋ ಓಡ್ತು. ಆದ್ರೆ ಸುಳ್ಳು ಕಾಗದ ನಾನು ತಗೊಳಲ್ಲ. ಸಂಜೆಯೊಳಗೆ ನಿಜ ಬರ್ಕೊಂಡು ಬನ್ನಿ." ಸ್ಪ್ಯಾನರ್ ಚೀಲಕ್ಕೆ ಹೋಯಿತು.

ಕೆಳಬೀದಿಯಿಂದ ಮೇಲ್ಬೀದಿಗೆ ಬರಲು ನಲವತ್ತೆರಡು ಕಲ್ಲುಮೆಟ್ಟಿಲು. ಗಂಗಾಂಬಿಕೆ ಆ ಮೊಣಕಾಲಿನಲ್ಲಿ ಒಂದೊಂದೇ ಹತ್ತಿಕೊಂಡು ಬಂದಳು. ಅಷ್ಟರಲ್ಲಿ ನಾವಿಬ್ಬರೂ ಮಾಳಿಗೆ ಇಳಿದು ನಮ್ಮ ನಮ್ಮ ಜಗಲಿಗೆ ಬಂದಿದ್ದೆವು. ನನ್ನ ಮನೆ ದಾಟಿದಳು, ನನ್ನ ಕಡೆ ತಿರುಗಲಿಲ್ಲ. ಅಣ್ಣನ ಜಗಲಿಯ ಮುಂದೆ ನಿಂತಳು. ಷಡಕ್ಷರಿ ತಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದ.

"ನೀನಲ್ಲ" ಎಂದಳು.

"ನಾನಲ್ಲ ಗಂಗಿ. ಅವತ್ತೂ ಕಳಿಸಲಿಲ್ಲ, ಈ ಎರಡು ವರ್ಷವೂ ಕಳಿಸಲಿಲ್ಲ. ಅವತ್ತು ನಾನು ಊರಲ್ಲೇ ಇದ್ದೆ. ಮಾಳಿಗೆ ಮೇಲೆ ನಿದ್ದೆ ಹೋಗ್ಬಿಟ್ಟೆ."

ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ನಾಕು ರಾತ್ರಿ" ಎಂದಳು ಗಂಗಾಂಬಿಕೆ. "ನೀನು ಮಲಗು, ನಾನು ಅವ್ವನ ನೋಡ್ಕೋತೀನಿ ಅಂತ ನಾಕು ರಾತ್ರಿ ನನ್ನ ಮಲಗಿಸಿ ನೀನು ಎದ್ದಿದ್ದೆ. ನನಗೆ ನೆನಪಿಲ್ವಾ? ನಿದ್ದೆ ಬಂತು ಅಂತ ಅವತ್ತೇ ಒಂದು ಮಾತು ಅಂದಿದ್ರೆ, ಬಂತಲ್ಲ ಸದ್ಯ, ಮಲಗು ಅಂತಿದ್ದೆ. ಒಂಬತ್ತು ವರ್ಷ ಅಣ್ಣ ಇಲ್ದಂಗೆ ಮಾಡ್ದಲ್ಲೋ." ಹೀಗೆ ಹೇಳಿ ಅವನ ಹೆಗಲಿಗೆ ಒಂದು ಏಟು ಕೊಟ್ಟಳು. ಆಮೇಲೆ ಅದೇ ಹೆಗಲಿನ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ. ಸಂಬಂಧವಿಲ್ಲದವನು ಅಳಬಾರದು ಎಂದೇನೂ ಇಲ್ಲವಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಅವಳು ಪುರಸಭೆಯ ಮೆಟ್ಟಿಲ ಬಳಿ ನನ್ನ ಮೇಜಿನ ಮುಂದೆ ಬಂದು ಕೂತಳು. ಹೊಸ ಅರ್ಜಿ ತೆಗೆದೆ. ಎರವಲು ಬಿಸಿಲು ಎಂದು ಬರೆದೆ. ಕಳಿಸಿದವರ ಹೆಸರು: ಮರುಳಯ್ಯ. ಅದರ ಕೆಳಗೆ, ಒಂಬತ್ತನೇ ತಾರೀಖಿನಿಂದ ಷಡಕ್ಷರಿಯೂ ಕೂಡ. ತಲೆಯೆತ್ತದೆಯೇ ಹೇಳಿದೆ, "ಗಂಗಮ್ಮನೋರೆ, ನಿಮ್ಮ ಹತ್ರ ಒಂದು ಹೇಳ್ಬೇಕು. ಎರಡು ವರ್ಷದ ಹಿಂದೆ ನೀವು ಎರಡು ಪ್ಯಾನಲ್ ಅಂದಿದ್ರಿ. ನಾನು ಒಂದು ಅಂತ ಬರ್ದೆ. ನನ್ನ ತಪ್ಪು. ಅದಕ್ಕೇ ಬಿಸಿಲು."

"ಗೊತ್ತು" ಎಂದಳು. "ಅವತ್ತೇ ನಕಲು ಪ್ರತಿ ಮನೆಗೆ ತಗೊಂಡು ಹೋಗಿ ಓದಿದ್ದೆ."

"ಮತ್ತೆ ಯಾಕೆ ಕೇಳಲಿಲ್ಲ?"

"ಇಪ್ಪತ್ತೈದು ವರ್ಷ ತಪ್ಪಿಲ್ಲದೆ ಬರೆದೋರು. ನಾನು ಬಂದು ಕೂತ ದಿನ ತಪ್ಪಿದ್ರಿ. ಯಾಕೆ ಅಂತ ನಾನೇನು ಕೇಳೋದು?"

ನನ್ನ ಕಿವಿ ಬಿಸಿಯಾದವು. ಕೊನೆಯ ಕಾಲಂ ಉಳಿದಿತ್ತು: ಇನ್ನು ಮುಂದೆ ಬೇಕಾಗುವ ಪ್ಯಾನಲ್‌ಗಳ ಒಟ್ಟು ಸಂಖ್ಯೆ. ಎರಡು ಎಂದು ಬರೆದರೆ ಸಮ ತಾರೀಖಿನಲ್ಲೇ ಎರಡು ದಿನದ ಕರೆಂಟು ಕೂಡಿಬೀಳುತ್ತದೆ, ಬೆಸ ತಾರೀಖಿನ ತಟ್ಟೆ ಯಾರಿಗೂ ಬೇಕಾಗುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಎರಡು ವರ್ಷದ ಹಿಂದಿನ ತಪ್ಪನ್ನು ಸರಿಮಾಡುವ ದಿನ ಅದು. ಪೆನ್ನನ್ನು ಗಟ್ಟಿಯಾಗಿ ಹಿಡಿದು, ಎರಡು ಎಂದು ಬರೆಯಲು ಕಾಗದಕ್ಕೆ ಊರಿದೆ.

ಗಂಗಾಂಬಿಕೆ ಕೈಚಾಚಿ ಪೆನ್ನಿನ ತುದಿಗೆ ಬೆರಳು ಅಡ್ಡ ಇಟ್ಟಳು.

"ಒಂದೇ ಅಂತ ಬರೀರಿ" ಎಂದಳು.